ತೋಟದ ಕೊಕ್ಕೋದಿಂದ ಅಂಗಡಿಯ ಚಾಕಲೇಟಿನವರೆಗೆ: ಉತ್ಪನ್ನ ನಿರ್ವಹಣೆಯ ಮೊದಲ ಪಾಠಗಳು

ಎಸ್‌ಎಸ್‌ಎಲ್‌ಸಿ ಫಲಿತಾಂಶ ಪ್ರಕಟವಾದ ಮರುದಿನದಿಂದ ಗಡಿನಾಡಿನ ಕನ್ನಡ ಮನೆಗಳಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿರುತ್ತದೆ: ಮುಂದೇನು? ಪ್ಲಸ್ ಟು, ಪಾಲಿಟೆಕ್ನಿಕ್, ಐಟಿಐ, ವೃತ್ತಿಪರ ಹೈಯರ್ ಸೆಕೆಂಡರಿ ಎಂಬ ಪರಿಚಿತ ಹೆಸರುಗಳ ನಡುವೆ ಈಚಿನ ವರ್ಷಗಳಲ್ಲಿ ಮತ್ತೊಂದು ಹೆಸರು ಮಕ್ಕಳ ಬಾಯಲ್ಲಿ ಕೇಳಿಬರುತ್ತಿದೆ. ಅದು ‘ಪ್ರಾಡಕ್ಟ್ ಮ್ಯಾನೇಜ್‌ಮೆಂಟ್’, ಅರ್ಥಾತ್ ಉತ್ಪನ್ನ ನಿರ್ವಹಣೆ. ಬೆಂಗಳೂರಿನಲ್ಲಿರುವ ಸೋದರಮಾವನ ಮಗನೋ ಕೊಚ್ಚಿಯಲ್ಲಿ ಕಲಿಯುತ್ತಿರುವ ನೆರೆಮನೆಯ ಹುಡುಗಿಯೋ ಈ ಹೆಸರನ್ನು ಮನೆಗೆ ತಂದಿರುತ್ತಾರೆ. ಹೆತ್ತವರಿಗೆ ಅದೇನೆಂದು ತಿಳಿಯದು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ, ಗಾಜಿನ ಕಟ್ಟಡಗಳಲ್ಲಿ ಕುಳಿತವರಿಗೆ ಮೀಸಲಾದ ಕೆಲಸವಿರಬೇಕೆಂದು ಭಾವಿಸಿ, ಮಾತನ್ನು ಅಲ್ಲಿಗೇ ನಿಲ್ಲಿಸಿಬಿಡುವವರೇ ಹೆಚ್ಚು.

ಆದರೆ ಈ ಕಸುಬಿನ ತಿರುಳನ್ನು ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಕೃಷಿಕರು ಅದರ ಹೆಸರು ಕೇಳುವುದಕ್ಕೆ ಮೊದಲೇ ಕಂಡವರು. ಹೆಸರು ಹೊರಗಿನದಾದರೂ ಅನುಭವ ತೋಟದೊಳಗಿನದೇ. ಮಕ್ಕಳಿಗೆ ಈ ವಿದ್ಯೆಯನ್ನು ಪರಿಚಯಿಸುವುದಕ್ಕೆ ಅಲ್ಲಿಂದಲೇ ಆರಂಭಿಸುವುದು ಸೂಕ್ತ.

ಕೊಳ್ಳುವವರಿಲ್ಲದ ಕೊಕ್ಕೋ

1970ರ ದಶಕದಲ್ಲಿ ಅಡಿಕೆ ತೋಟದ ನೆರಳಿನಲ್ಲಿ ಬೆಳೆಯಬಹುದಾದ ಉಪಬೆಳೆಯೆಂದು ಕೊಕ್ಕೋ ಕೃಷಿಗೆ ಕೇರಳದಲ್ಲೂ ಕರ್ನಾಟಕದಲ್ಲೂ ವ್ಯಾಪಕ ಪ್ರೋತ್ಸಾಹ ದೊರೆಯಿತು. ಗಿಡಗಳು ಬೆಳೆದವು, ಕಾಯಿಗಳು ತುಂಬಿದವು. ದಶಕ ಮುಗಿಯುತ್ತ ಬಂದಾಗ ಬೆಲೆ ಕುಸಿಯಿತು. ಖಾಸಗಿ ಖರೀದಿದಾರರು ಹಿಂದೆ ಸರಿದರು. ಕೊಯ್ದ ಕೊಕ್ಕೋವನ್ನು ಅಡಿಕೆಯಂತೆ ಒಣಗಿಸಿ, ಬೆಲೆ ಬರುವ ತನಕ ಅಟ್ಟದಲ್ಲಿ ಇಡುವಂತಿಲ್ಲ. ಕಾಯಿ ಒಡೆದ ಬಳಿಕ ಹಸಿಬೀಜವನ್ನು ತಡಮಾಡದೆ ಐದಾರು ದಿನ ಹುಳಿಯಲು ಬಿಟ್ಟು, ಅನಂತರ ಒಣಗಿಸಬೇಕು. ಇಲ್ಲವಾದರೆ ಚಾಕಲೇಟಿನ ಪರಿಮಳವೇ ಹುಟ್ಟುವುದಿಲ್ಲ; ಬೀಜ ಕೆಟ್ಟುಹೋಗುತ್ತದೆ. ಕೊಳ್ಳುವವರಿಲ್ಲದಾಗ ಬೆಳೆಗಾರನ ಮುಂದಿದ್ದ ದಾರಿ ಒಂದೇ: ಗಿಡಗಳನ್ನು ಕಡಿದು ಹಾಕುವುದು.

ಅಡಿಕೆ ಬೆಳೆಗಾರರ ರಕ್ಷಣೆಗಾಗಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ. ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕಾಧ್ಯಕ್ಷರು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನು ಒಳಗೊಂಡಿದ್ದ ಈ ಸಂಸ್ಥೆ ಕೊಕ್ಕೋ ಖರೀದಿಗೂ ಇಳಿಯಿತು. ಒಂದು ಸಮಸ್ಯೆ ಪರಿಹಾರವಾದೊಡನೆ ಇನ್ನೊಂದು ಎದುರಾಯಿತು. ಕೊಂಡ ಬೀಜವನ್ನು ಯಾರಿಗೆ ಮಾರುವುದು? ಬೀಜವನ್ನಷ್ಟೇ ಮಾರುವವರು ಎಂದೆಂದಿಗೂ ಕೊಳ್ಳುವವರ ಬೆಲೆಗೆ ಕಾಯಬೇಕಾದವರು. ಈ ವಿಚಾರದ ಫಲವಾಗಿಯೇ 1986ರಲ್ಲಿ ಪುತ್ತೂರಿನಲ್ಲಿ ಕ್ಯಾಂಪ್ಕೊ ಚಾಕಲೇಟ್ ಕಾರ್ಖಾನೆ ತಲೆಯೆತ್ತಿತು.

ಕಾರ್ಖಾನೆ ಕಟ್ಟಿದರೆ ಕತೆ ಮುಗಿಯುವುದಿಲ್ಲ. ಯಂತ್ರದಿಂದ ಹೊರಬರಬೇಕಾದುದು ಏನು? ಮಗುವಿನ ಕೈಗೆ ಕೊಡುವ ಚಿಕ್ಕ ತುಂಡೇ, ಹಾಲಿಗೆ ಬೆರೆಸುವ ಪುಡಿಯೇ, ಅಥವಾ ಬೇರೆ ಕಂಪೆನಿಗಳಿಗೆ ಬೇಕಾದ ಕೊಕ್ಕೋ ಬೆಣ್ಣೆಯೇ? ಕೊಕ್ಕೋ ಬೆಣ್ಣೆ ನಮ್ಮ ಮೈಬಿಸಿಗೂ ಕಡಿಮೆ ಉಷ್ಣತೆಯಲ್ಲಿ, ಸುಮಾರು 34 ಡಿಗ್ರಿ ಸೆಲ್ಸಿಯಸಿನಲ್ಲಿ ಕರಗುತ್ತದೆ. ಬಾಯಲ್ಲಿ ಇಟ್ಟರೆ ಕರಗುವ ಗುಣ ರುಚಿಗೆ ಒಳ್ಳೆಯದು. ಆದರೆ ಮೇ ತಿಂಗಳಿನಲ್ಲಿ ಫ್ರಿಜ್ ಇಲ್ಲದ ಹಳ್ಳಿಯಂಗಡಿಯಲ್ಲಿ ಅದೇ ಗುಣ ಸಂಕಟ ತರುತ್ತದೆ. ಯಾವ ಅಂಗಡಿಗೆ ಯಾವ ಬಗೆಯ ತಿನಿಸು ಕಳುಹಿಸಬೇಕು? ಹೆಸರಾಂತ ಕಂಪೆನಿಗಳ ಹೊದಿಕೆಗಳ ನಡುವೆ ಹೊಸ ಹೊದಿಕೆ ಕಣ್ಣಿಗೆ ಬೀಳುವುದು ಹೇಗೆ? ಎಷ್ಟು ಬೆಲೆಯಿಟ್ಟರೆ ಮಗು ಕೊಂಡೀತು, ಬೆಳೆಗಾರನಿಗೂ ಉಳಿದೀತು? ಇಂತಹ ಪ್ರಶ್ನೆಗಳನ್ನು ಒಂದೇ ದಾರದಲ್ಲಿ ಪೋಣಿಸಿ, ಉತ್ತರ ಹುಡುಕಿ, ಆ ಉತ್ತರಕ್ಕೆ ಹೊಣೆಯಾಗುವ ಕೆಲಸವನ್ನೇ ಇಂದು ಉತ್ಪನ್ನ ನಿರ್ವಹಣೆ ಎಂದು ಕರೆಯುತ್ತಾರೆ.

ಹುದ್ದೆಯ ಹುಟ್ಟು

ಈ ಹುದ್ದೆಯ ಮೂಲವನ್ನು ಹುಡುಕಿ ಹೊರಟವರು ಸಾಮಾನ್ಯವಾಗಿ 1931ರ ಮೇ 13ರ ಒಂದು ಕಚೇರಿ ಟಿಪ್ಪಣಿಯ ಬಳಿ ನಿಲ್ಲುತ್ತಾರೆ. ಅಮೆರಿಕದ ಸಿನ್ಸಿನಾಟಿಯ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪೆನಿಯಲ್ಲಿ ನೀಲ್ ಮೆಕೆಲ್‌ರಾಯ್ ಎಂಬ ಯುವಕ ‘ಕ್ಯಾಮೆ’ ಸಾಬೂನಿನ ಪ್ರಚಾರ ನೋಡಿಕೊಳ್ಳುತ್ತಿದ್ದರು. ಅದೇ ಕಂಪೆನಿಯ ‘ಐವರಿ’ ಸಾಬೂನಿನ ನೆರಳಿನಲ್ಲಿ ಕ್ಯಾಮೆ ಮಂಕಾಗಿತ್ತು. ಒಂದೊಂದು ಸಾಬೂನಿಗೂ ಪ್ರತ್ಯೇಕ ಹೊಣೆಗಾರರಿರಬೇಕು. ಅವರು ಎಲ್ಲಿ ಮಾರಾಟ ಚೆನ್ನಾಗಿದೆ, ಎಲ್ಲಿ ಕುಸಿದಿದೆ ಎಂದು ಪರಿಶೀಲಿಸಬೇಕು. ಕುಸಿದ ಊರಿಗೆ ಸ್ವತಃ ಹೋಗಿ ವ್ಯಾಪಾರಿಯನ್ನೂ ಬಳಸುವವರನ್ನೂ ಕಂಡು ಕಾರಣ ತಿಳಿಯಬೇಕು. ಅನಂತರ ಯೋಜನೆ ಸಿದ್ಧಪಡಿಸಿ, ಅದರ ಫಲಕ್ಕೆ ತಾವೇ ಉತ್ತರ ಹೇಳಬೇಕು ಎಂದು ಮೂರು ಪುಟಗಳಲ್ಲಿ ಅವರು ವಿವರಿಸಿದರು. ಕಂಪೆನಿ ಆ ಮಾತನ್ನು ಒಪ್ಪಿತು. ಮೆಕೆಲ್‌ರಾಯ್ ಮುಂದೆ ಅದರ ಅಧ್ಯಕ್ಷರಾದರು. 1957ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿಯೂ ಆದರು.

ಸಾಬೂನಿನಿಂದ ಯಂತ್ರಗಳಿಗೆ, ಯಂತ್ರಗಳಿಂದ ತಂತ್ರಾಂಶಕ್ಕೆ ಈ ಪದ್ಧತಿ ಹರಡಿತು. ಮೊಬೈಲಿನಲ್ಲಿ ಬಸ್ ಟಿಕೆಟ್ ಕಾಯ್ದಿರಿಸುವ ಆ್ಯಪ್, ಬ್ಯಾಂಕಿನ ಆ್ಯಪ್, ಆಸ್ಪತ್ರೆಯ ಟೋಕನ್ ವ್ಯವಸ್ಥೆ, ಇವುಗಳ ಹಿಂದೆಲ್ಲ ಇಂದು ಇಂತಹ ಹೊಣೆಗಾರರಿದ್ದಾರೆ. ಎಂಜಿನಿಯರರು ‘ಇದನ್ನು ಮಾಡುವುದು ಹೇಗೆ’ ಎಂದು ಯೋಚಿಸುತ್ತಾರೆ. ಯೋಜನಾ ವ್ಯವಸ್ಥಾಪಕರು, ಎಂದರೆ ಪ್ರಾಜೆಕ್ಟ್ ಮ್ಯಾನೇಜರರು, ‘ಹೇಳಿದ ದಿನಕ್ಕೆ, ಹೇಳಿದ ವೆಚ್ಚದಲ್ಲಿ ಮುಗಿಯುತ್ತದೆಯೇ’ ಎಂದು ನೋಡುತ್ತಾರೆ. ‘ಇದನ್ನು ಮಾಡಬೇಕೇ? ಯಾರಿಗಾಗಿ? ಮೊದಲು ಯಾವುದನ್ನು?’ ಎಂಬ ಮೂರು ಪ್ರಶ್ನೆಗಳು ಉತ್ಪನ್ನ ನಿರ್ವಾಹಕರ ಪಾಲಿನವು. ಪ್ರಾಜೆಕ್ಟ್ ಮತ್ತು ಪ್ರಾಡಕ್ಟ್ ಎಂಬ ಎರಡು ಶಬ್ದಗಳು ಕಿವಿಗೆ ಒಂದೇ ತೆರನಾಗಿ ಕೇಳಿಸುವುದರಿಂದ ತರಬೇತಿಗೆ ಸೇರುವವರೂ ಎಷ್ಟೋ ಸಲ ತಪ್ಪುತ್ತಾರೆ. ಸೇತುವೆ ಕಟ್ಟಿ ಮುಗಿಸಿದರೆ ಪ್ರಾಜೆಕ್ಟ್ ಮುಗಿಯಿತು. ಉತ್ಪನ್ನ ಮಾತ್ರ ಜನರು ಬಳಸುವಷ್ಟು ಕಾಲವೂ ಬದಲಾಗುತ್ತಲೇ ಇರುತ್ತದೆ.

ಮೊದಲ ಪಾಠ: ಹೋಗಿ ನೋಡುವುದು

ಯಾವುದೇ ಒಳ್ಳೆಯ ತರಬೇತಿಯ ಮೊದಲ ಅಧ್ಯಾಯ ಬಳಸುವವರನ್ನು ಅರಿಯುವುದು. ನಮ್ಮ ರಸ್ತೆಗಳಲ್ಲಿ ದಿನವೂ ಕಾಣುವ ಟಾಟಾ ಏಸ್ ಎಂಬ ಪುಟ್ಟ ಲಾರಿ ಇದಕ್ಕೆ ಉತ್ತಮ ನಿದರ್ಶನ. 2000-01ರಲ್ಲಿ ಸುಮಾರು 500 ಕೋಟಿ ರೂಪಾಯಿ ನಷ್ಟ ಅನುಭವಿಸಿದ್ದ ಟಾಟಾ ಮೋಟಾರ್ಸ್ ಹೊಸ ದಾರಿ ಹುಡುಕುತ್ತಿತ್ತು. ಗಿರೀಶ್ ವಾಘ್ ಅವರ ನೇತೃತ್ವದ ತಂಡ ಕಾರ್ಖಾನೆಯಲ್ಲಿ ಕುಳಿತು ನಕ್ಷೆ ಬರೆಯುವ ಮೊದಲು ಮೂರು ಚಕ್ರದ ಗೂಡ್ಸ್ ರಿಕ್ಷಾ ಓಡಿಸುವವರ ಬಳಿಗೆ ಹೋಯಿತು. ಹೆಚ್ಚು ಭಾರ ಹೊರಬೇಕು, ಇಕ್ಕಟ್ಟಿನ ಬೀದಿಯಲ್ಲಿ ನುಗ್ಗಬೇಕು, ಖರ್ಚು ಕಡಿಮೆಯಿರಬೇಕು ಎಂಬ ಬೇಡಿಕೆಗಳ ಜೊತೆಗೆ ಅನಿರೀಕ್ಷಿತವಾದ ಇನ್ನೊಂದು ಮಾತೂ ಸಿಕ್ಕಿತು. ಮೂರು ಚಕ್ರದ ಗಾಡಿ ಓಡಿಸುವವರಿಗಿಂತ ನಾಲ್ಕು ಚಕ್ರದ ಗಾಡಿಯ ಒಡೆಯನಿಗೆ ಊರಿನಲ್ಲಿ ಮರ್ಯಾದೆ ಹೆಚ್ಚು. ಹೆಣ್ಣು ಕೊಡುವವರೂ ಅದನ್ನು ನೋಡುತ್ತಾರೆ! ಯಾವ ಅಂಕಿಅಂಶದ ಪಟ್ಟಿಯಲ್ಲೂ ಸಿಗದ ಈ ಸತ್ಯ ಎದುರು ಕುಳಿತು ಮಾತನಾಡಿದಾಗ ಸಿಕ್ಕಿತು. 2005ರಲ್ಲಿ ಬಂದ ಏಸ್ ಹಲವು ಲಕ್ಷ ಕುಟುಂಬಗಳ ಜೀವನೋಪಾಯವಾಯಿತು.

ಕೇಳುವುದಕ್ಕೂ ಒಂದು ಕ್ರಮವಿದೆ. ‘ಇಂತಹ ವಸ್ತು ಬಂದರೆ ಕೊಳ್ಳುತ್ತೀರಾ?’ ಎಂದರೆ ದಾಕ್ಷಿಣ್ಯಕ್ಕೆ ಎಲ್ಲರೂ ಹೌದೆನ್ನುತ್ತಾರೆ. ‘ಕಳೆದ ಸಲ ಈ ಕೆಲಸ ಮಾಡಿದಾಗ ಏನಾಯಿತು? ಎಷ್ಟು ಹೊತ್ತು ಹಿಡಿಯಿತು? ಆಗ ಏನು ಮಾಡಿದಿರಿ?’ ಎಂದು ನಡೆದುಹೋದುದನ್ನು ಕೇಳಿದರೆ ನಿಜ ಹೊರಬರುತ್ತದೆ. ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ರೂಢಿಗೆ ಬಂದ ‘ಐದು ಬಾರಿ ಏಕೆ’ ಎಂಬ ಅಭ್ಯಾಸವೂ ಇದೇ ಜಾತಿಯದು. ಯಂತ್ರ ನಿಂತಿತೇಕೆ ಎಂದರೆ ಫ್ಯೂಸ್ ಹೋಗಿದೆ ಎಂಬ ಉತ್ತರ ಸಿಗುತ್ತದೆ. ಅಲ್ಲಿಗೇ ನಿಲ್ಲದೆ ಮತ್ತೆ ಮತ್ತೆ ಏಕೆ ಎಂದು ಕೇಳುತ್ತ ಹೋದರೆ ಎಣ್ಣೆಯ ಪಂಪಿಗೆ ಜಾಲರಿ ಇಲ್ಲದಿದ್ದುದೇ ಮೂಲ ಕಾರಣವೆಂದು ತಿಳಿದೀತು. ಫ್ಯೂಸ್ ಬದಲಾಯಿಸುವವನಿಗೂ ಜಾಲರಿ ಹಾಕುವವನಿಗೂ ಇರುವ ವ್ಯತ್ಯಾಸ ಅಷ್ಟು.

ಕೊಳ್ಳುವವರು, ಬಳಸುವವರು, ಬಾಧೆಗೊಳಗಾಗುವವರು

ಅಡಿಕೆ ತೋಟಕ್ಕೆ ಈಚೆಗೆ ಬಂದ ಕಾರ್ಬನ್ ಫೈಬರ್ ದೋಟಿಯನ್ನು ನೋಡಿ. ಮರ ಏರುವ ನುರಿತ ಕೆಲಸಗಾರರು ಸಿಗುವುದು ಕಷ್ಟವಾದಾಗ, ನೆಲದಲ್ಲಿ ನಿಂತೇ ಕೊನೆ ಕೊಯ್ಯಲು ಹಾಗೂ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಲು ಈ ಹಗುರವಾದ ಉದ್ದನೆಯ ದೋಟಿ ನೆರವಾಯಿತು. ಇದನ್ನು ಪಾಠವಾಗಿ ಓದಿದರೆ ಹಲವು ಎಳೆಗಳು ಕಾಣುತ್ತವೆ. ಹಣ ಕೊಟ್ಟು ಕೊಳ್ಳುವವರು ತೋಟದ ಯಜಮಾನರು. ದಿನವಿಡೀ ತಲೆಯೆತ್ತಿ, ಕತ್ತು ನೋಯಿಸಿಕೊಂಡು ಅದನ್ನು ಹಿಡಿಯುವವರು ಕೆಲಸಗಾರರು. ಇಬ್ಬರ ಅಗತ್ಯಗಳೂ ಒಂದೇ ಅಲ್ಲ. ಬಿದಿರಿನ ದೋಟಿಗಿಂತ ಬೆಲೆ ಬಹಳ ಹೆಚ್ಚಿರುವುದರಿಂದ ಸಣ್ಣ ಹಿಡುವಳಿದಾರರಿಗೆ ಅದು ಎಟುಕದು. ಹಾಗಾದರೆ ದೋಟಿ ಮಾರಬೇಕೇ, ದೋಟಿಯೊಂದಿಗೆ ನುರಿತ ತಂಡವನ್ನು ಬಾಡಿಗೆಗೆ ಕಳುಹಿಸಬೇಕೇ? ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಕಾರ್ಬನ್ ಫೈಬರ್ ವಿದ್ಯುತ್ ಹರಿಯಬಿಡುವ ವಸ್ತು. ತೋಟದ ಮೇಲೆ ಹಾದುಹೋಗುವ ವಿದ್ಯುತ್ ತಂತಿಗೆ ದೋಟಿ ತಾಗಿದರೆ ಪ್ರಾಣಕ್ಕೇ ಅಪಾಯ. ಆದುದರಿಂದ ದೋಟಿಯನ್ನು ಮಾರುವುದರ ಜೊತೆಗೆ ಹಿಡಿಯುವ ತರಬೇತಿಯನ್ನೂ ಕೊಡದಿದ್ದರೆ ಉತ್ಪನ್ನ ಅಪೂರ್ಣ. ವಸ್ತುವಿನಷ್ಟೇ ಅದರ ಬಳಕೆ, ದುರಸ್ತಿ, ಎಚ್ಚರಿಕೆ ಎಲ್ಲವೂ ಉತ್ಪನ್ನದ ಭಾಗ ಎಂಬುದು ಎರಡನೆಯ ಪಾಠ.

ಮರದ ತುಂಡು ಮತ್ತು ಮಂಜುಗಡ್ಡೆಯ ಪೆಟ್ಟಿಗೆ

ಮೂರನೆಯ ಪಾಠ: ದೊಡ್ಡದಾಗಿ ಕಟ್ಟುವ ಮೊದಲು ಚಿಕ್ಕದಾಗಿ ಮಾಡಿ ನೋಡುವುದು. 1996ರಲ್ಲಿ ಮಾರುಕಟ್ಟೆಗೆ ಬಂದ ಪಾಮ್ ಪೈಲಟ್ ಎಂಬ ಅಂಗೈ ಕಂಪ್ಯೂಟರನ್ನು ರೂಪಿಸಿದ ಜೆಫ್ ಹಾಕಿನ್ಸ್, ಯಂತ್ರ ತಯಾರಾಗುವ ಮುನ್ನ ಅದೇ ಗಾತ್ರದ ಮರದ ತುಂಡೊಂದನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗಾಡಿದರು. ಯಾರಾದರೂ ಭೇಟಿಗೆ ದಿನ ಕೇಳಿದರೆ ಅದನ್ನು ಹೊರತೆಗೆದು ಬರೆಯುವಂತೆ ನಟಿಸುತ್ತಿದ್ದರು. ಜೇಬಿಗೆ ಭಾರವೇ, ಕೈಗೆ ಹಿಡಿತವೇ, ನಿಜವಾಗಿ ದಿನಕ್ಕೆಷ್ಟು ಸಲ ಬೇಕಾಗುತ್ತದೆ ಎಂಬುದು ಮರದ ತುಂಡಿನಿಂದಲೇ ತಿಳಿಯಿತು.

ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐ, ರೂಪಿಸಿದ ‘ಕಲ್ಪರಸ’ದ ಕತೆಯೂ ಮಕ್ಕಳಿಗೆ ಹೇಳುವಂತಹುದು. ತೆಂಗಿನ ಹೊಂಬಾಳೆಯಿಂದ ಇಳಿಯುವ ಸಿಹಿರಸ ಬಿಸಿಲೇರಿದಂತೆ ಹುಳಿತು ಕಳ್ಳಾಗುತ್ತದೆ. ಹಾಗಾಗದಂತೆ ಮಡಕೆಯ ಒಳಗೆ ಸುಣ್ಣ ಬಳಿಯುವುದು ಹಿಂದಿನ ರೂಢಿ. ಅದರಿಂದ ರುಚಿಯೂ ಗುಣವೂ ಬದಲಾಗುತ್ತಿತ್ತು. ‘ಹುಳಿಯದಂತೆ ಏನು ಬೆರೆಸಬೇಕು’ ಎಂಬ ಪ್ರಶ್ನೆಯನ್ನು ಬಿಟ್ಟು ‘ಹುಳಿಯುವುದಕ್ಕೆ ಕಾರಣವೇನು’ ಎಂಬುದರತ್ತ ತಿರುಗಿದಾಗ ಉತ್ತರ ಸುಲಭವಾಯಿತು: ಉಷ್ಣತೆ ಮತ್ತು ಸೂಕ್ಷ್ಮಜೀವಿಗಳು. ಸಂಸ್ಥೆಯ ವಿಜ್ಞಾನಿಗಳು ಪಿವಿಸಿ ಕೊಳವೆಯಿಂದ ಮಾಡಿದ, ಸುತ್ತಲೂ ಮಂಜುಗಡ್ಡೆ ತುಂಬಬಹುದಾದ ಹಗುರ ಪೆಟ್ಟಿಗೆಯೊಂದನ್ನು ಹೊಂಬಾಳೆಗೆ ಜೋಡಿಸುವಂತೆ ಮಾಡಿದರು. ರಸ ತಣ್ಣಗೆ, ಶುದ್ಧವಾಗಿ, ಹುಳಿಯದೆ ಕೆಳಗಿಳಿಯಿತು. ಆದರೂ ಉತ್ಪನ್ನ ಅಲ್ಲಿಗೆ ಪೂರ್ಣವಾಗದು. ಮರದಿಂದ ಇಳಿದ ಮೇಲೆ ಅಂಗಡಿ ತಲುಪುವವರೆಗೂ ತಣ್ಣಗಿರಬೇಕು, ಮಂಜುಗಡ್ಡೆ ಒದಗಬೇಕು, ಮರ ಏರುವವರು ಬೇಕು, ಕುಡಿಯುವವರಿಗೆ ಇದು ಕಳ್ಳಲ್ಲವೆಂಬ ನಂಬಿಕೆ ಬರಬೇಕು. ಪ್ರಯೋಗಾಲಯದ ಯಶಸ್ಸಿಗೂ ಅಂಗಡಿಯ ಯಶಸ್ಸಿಗೂ ನಡುವಿನ ಹಾದಿಯನ್ನು ನಡೆಸುವವರೇ ಉತ್ಪನ್ನ ನಿರ್ವಾಹಕರು.

ಬೇಡವೆನ್ನುವ ವಿದ್ಯೆ

ಎಲ್ಲವನ್ನೂ ಒಮ್ಮೆಲೇ ಮಾಡಲು ಹಣವೂ ಸಮಯವೂ ಸಾಲವು. ಆದ್ಯತೆ ನಿರ್ಧರಿಸುವುದೇ ಈ ಕಸುಬಿನಲ್ಲಿ ಅತಿ ಕಠಿಣ. ತರಬೇತಿಗಳಲ್ಲಿ ‘ಮಾಸ್ಕೊ’ ಎಂಬ ಸರಳ ಪದ್ಧತಿಯನ್ನು ಕಲಿಸುತ್ತಾರೆ. ಬೇಡಿಕೆಗಳನ್ನೆಲ್ಲ ನಾಲ್ಕು ಗುಂಪು ಮಾಡುವುದು: ಇರಲೇಬೇಕಾದವು, ಇರಬೇಕಾದವು, ಇದ್ದರೆ ಒಳ್ಳೆಯವು, ಈ ಸಲ ಬೇಡವಾದವು. ಶಾಲೆಯ ವಾರ್ಷಿಕೋತ್ಸವಕ್ಕೆ ಪಿಟಿಎ ಸಭೆ ಸೇರಿದ್ದನ್ನು ನೆನೆದುಕೊಂಡರೆ ಇದು ಅರ್ಥವಾಗುತ್ತದೆ. ಧ್ವನಿವರ್ಧಕ, ಕುಡಿಯುವ ನೀರು, ರಾತ್ರಿ ಮಕ್ಕಳು ಮನೆ ಸೇರಲು ವಾಹನ ಇರಲೇಬೇಕು. ದೀಪಾಲಂಕಾರ ಇದ್ದರೆ ಒಳ್ಳೆಯದು. ದೊಡ್ಡ ಪರದೆಯ ನೇರಪ್ರಸಾರ ಈ ಸಲ ಬೇಡ. ನಾಲ್ಕನೆಯ ಗುಂಪನ್ನು ಬಾಯಿಬಿಟ್ಟು ಹೇಳುವುದರಲ್ಲೇ ಈ ಪದ್ಧತಿಯ ಪ್ರಯೋಜನವಿದೆ. ಹೇಳದೆ ಬಿಟ್ಟರೆ ಕೊನೆಯ ಘಳಿಗೆಯಲ್ಲಿ ಎಲ್ಲರೂ ಅದನ್ನೇ ಕೇಳುತ್ತಾರೆ.

ಲೆಕ್ಕವೂ ಬರಬೇಕು

ಆದ್ಯತೆಯ ಬೆನ್ನಿಗೆ ಲೆಕ್ಕ ಬರುತ್ತದೆ. ಹಾಳೆತಟ್ಟೆ ಮಾಡುವ ಮನೆಯೊಂದರ ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ನೂರು ತಟ್ಟೆಗೆ ಹಾಳೆ, ಕೂಲಿ, ವಿದ್ಯುತ್, ಕಟ್ಟು ಎಲ್ಲ ಸೇರಿ 325 ರೂಪಾಯಿ ಖರ್ಚು, ತಟ್ಟೆಯೊಂದಕ್ಕೆ 4 ರೂಪಾಯಿ ಬೆಲೆ ಎಂದಿರಲಿ. ನೂರೂ ಮಾರಾಟವಾದರೆ 75 ರೂಪಾಯಿ ಉಳಿಯುತ್ತದೆ. ಆದರೆ ಹದಿನೈದು ತಟ್ಟೆ ಬಿರುಕು ಬಿಟ್ಟರೆ, ಮಿಕ್ಕ 85ಕ್ಕೆ ಬರುವುದು 340 ರೂಪಾಯಿ. ಉಳಿಯುವುದು ಕೇವಲ 15. ಬೆಲೆ ಏರಿಸಿ ಗಿರಾಕಿಯನ್ನು ಕಳೆದುಕೊಳ್ಳುವ ಬದಲು, ಹಾಳೆಯನ್ನು ಸರಿಯಾಗಿ ನೆನೆಸಿ ಒಡಕನ್ನು ಐದಕ್ಕೆ ಇಳಿಸಿದರೆ 55 ರೂಪಾಯಿ ಉಳಿಯುತ್ತದೆ. ಯಾವ ಅಂಕಿಯನ್ನು ಅಳೆಯಬೇಕು ಎಂದು ತಿಳಿದವರಿಗೆ ಯಾವ ಕೆಲಸ ಮೊದಲು ಎಂಬುದೂ ತಿಳಿಯುತ್ತದೆ. ಏಳನೆಯ ತರಗತಿಯ ಲಾಭನಷ್ಟದ ಪಾಠ ಇಲ್ಲಿ ಕೈಗೆ ಬರುತ್ತದೆ.

ಬೆಲೆಯಲ್ಲಿ ಲೆಕ್ಕಕ್ಕೆ ಮೀರಿದುದೂ ಇದೆ. ತಮಿಳುನಾಡಿನ ಕಡಲೂರಿನ ಸಿ.ಕೆ. ರಂಗನಾಥನ್ ಅವರ ‘ಚಿಕ್’ ಶಾಂಪೂ ಬಾಟಲಿ ಕೊಳ್ಳಲಾಗದ ಮನೆಗಳಿಗೂ ಸಣ್ಣ ಪೊಟ್ಟಣದಲ್ಲಿ ತಲುಪಿತು. ಮುಂದೆ ಐವತ್ತು ಪೈಸೆಯ ಪೊಟ್ಟಣವೂ ಬಂತು. ದಿನಗೂಲಿಯ ಮನೆಯಲ್ಲಿ ಹಣ ಬರುವುದೇ ದಿನದಿನಕ್ಕೆ. ಹಾಗಾಗಿ ಕೊಳ್ಳುವುದೂ ಒಂದೊಂದು ಸಲಕ್ಕೆ ಬೇಕಾದಷ್ಟೇ ಎಂಬುದನ್ನು ಅದು ಅರಿತಿತ್ತು. ಪೊಟ್ಟಣದ ಪ್ಲಾಸ್ಟಿಕ್ ಇಂದು ತೋಡು ಹಳ್ಳಗಳನ್ನು ಸೇರುತ್ತಿರುವುದೂ ಅದೇ ಕತೆಯ ಮುಂದಿನ ಪುಟ. ಇನ್ನೊಂದು ಕಡೆ, 2008ರಲ್ಲಿ ಒಂದು ಲಕ್ಷ ರೂಪಾಯಿಯ ಕಾರೆಂದು ಲೋಕವನ್ನೇ ಬೆರಗುಗೊಳಿಸಿದ ಟಾಟಾ ನ್ಯಾನೊ 2018ರ ಹೊತ್ತಿಗೆ ನಿಂತೇಹೋಯಿತು. ‘ಅತಿ ಅಗ್ಗದ ಕಾರು’ ಎಂಬ ಹಣೆಪಟ್ಟಿಯೇ ತಪ್ಪಾಯಿತೆಂದು ರತನ್ ಟಾಟಾ ಅವರೇ ಒಪ್ಪಿಕೊಂಡರು. ಕಾರು ಕೊಳ್ಳುವ ಕುಟುಂಬ ತನ್ನ ಮರ್ಯಾದೆಯನ್ನೂ ಅದರೊಂದಿಗೆ ಕೊಳ್ಳುತ್ತದೆ. ಏಸ್ ಮಾರಿದ ಕಂಪೆನಿಯೇ ಈ ಮಾತನ್ನು ನ್ಯಾನೊದಲ್ಲಿ ಮರೆತದ್ದು ಈ ಕಸುಬು ಎಷ್ಟು ಸೂಕ್ಷ್ಮ ಎಂಬುದಕ್ಕೆ ಸಾಕ್ಷಿ.

ಎಲ್ಲಿ ಕಲಿಯುವುದು, ಎಲ್ಲಿ ಎಚ್ಚರ

ಶಾಲೆ ಬಿಟ್ಟೊಡನೆ ಉತ್ಪನ್ನ ನಿರ್ವಾಹಕರ ಹುದ್ದೆ ಸಿಗುವುದಿಲ್ಲ ಎಂಬುದನ್ನು ಹೆತ್ತವರು ಮೊದಲೇ ತಿಳಿದಿರಬೇಕು. ಸಾಮಾನ್ಯವಾಗಿ ಗ್ರಾಹಕ ಸೇವೆ, ತಂತ್ರಾಂಶ ಪರೀಕ್ಷೆ, ವಿನ್ಯಾಸ, ಮಾರಾಟ, ದತ್ತಾಂಶ ವಿಶ್ಲೇಷಣೆ ಮೊದಲಾದ ಕೆಲಸಗಳಲ್ಲಿ ಕೆಲವು ವರ್ಷ ಪಳಗಿದವರು ಈ ಕಡೆಗೆ ಹೊರಳುತ್ತಾರೆ. ಆದುದರಿಂದ ತಳಪಾಯದ ತರಬೇತಿಯನ್ನು ಮತ್ತೊಂದು ವಿದ್ಯೆಯ ಜೊತೆಗೆ ಜೋಡಿಸಿಕೊಳ್ಳುವುದೇ ಜಾಣತನ. ಡಿಪ್ಲೊಮಾ ಮಾಡುವ ಹುಡುಗನಿಗೂ ವಾಣಿಜ್ಯ ಓದುವ ಹುಡುಗಿಗೂ, ಆಹಾರ ಸಂಸ್ಕರಣೆಯೋ ಕೃಷಿಯೋ ಕಲಿಯುವವರಿಗೂ ಇದು ಸಮಾನವಾಗಿ ಉಪಯುಕ್ತ.

ಮೆಟ್ಟಲುಗಳು ಊರಿನಲ್ಲೇ ಇವೆ. ಕೇರಳದ ಪ್ರೌಢಶಾಲೆಗಳಲ್ಲಿ 2018ರಿಂದ ನಡೆಯುತ್ತಿರುವ ‘ಲಿಟ್ಲ್ ಕೈಟ್ಸ್’ ಕೂಟಗಳಲ್ಲಿ ಮಕ್ಕಳು ಆ್ಯಪ್ ರಚನೆ, ಆ್ಯನಿಮೇಶನ್ ಮೊದಲಾದವುಗಳಿಗೆ ಕೈ ಹಾಕುತ್ತಾರೆ. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ 6ರಿಂದ 12ನೆಯ ತರಗತಿಯವರಿಗೆ ಮಾದರಿ ತಯಾರಿಸುವ ಅವಕಾಶವಿದೆ. ವೃತ್ತಿಪರ ಹೈಯರ್ ಸೆಕೆಂಡರಿಯ ಕೋರ್ಸುಗಳು ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿಗೆ ಹೊಂದಿಕೊಂಡಿವೆ. 2013ರ ಡಿಸೆಂಬರಿನಲ್ಲಿ ಅಧಿಸೂಚಿತವಾದ ಈ ಚೌಕಟ್ಟು ಯಾವ ಕೌಶಲ ಯಾವ ಮಟ್ಟದ್ದೆಂದು ಗುರುತಿಸುತ್ತದೆ. ರಾಜ್ಯ ಸರಕಾರದ ‘ಎಸಾಪ್ ಕೇರಳ’ ಕೌಶಲ ತರಬೇತಿಗಳನ್ನು ನಡೆಸುತ್ತದೆ. ಕೇಂದ್ರದ ‘ಸ್ವಯಂ’ ಜಾಲತಾಣದಲ್ಲಿ ನಿರ್ವಹಣೆ, ವಿನ್ಯಾಸ ಚಿಂತನೆ, ಮಾರುಕಟ್ಟೆ ಅಧ್ಯಯನದ ಪಾಠಗಳನ್ನು ಉಚಿತವಾಗಿ ಕೇಳಬಹುದು. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಪದವಿ, ಡಿಪ್ಲೊಮಾ ಮುಗಿಸಿದವರಿಗೆ ಸ್ಟೈಪೆಂಡ್ ಸಹಿತ ಅಪ್ರೆಂಟಿಸ್‌ಶಿಪ್ ವ್ಯವಸ್ಥೆಯೂ ಇದೆ.

ಎಚ್ಚರ ವಹಿಸಬೇಕಾದ ಜಾಗ ಬೇರೆಯದು. ಕೆಲವೇ ವಾರಗಳಲ್ಲಿ ದೊಡ್ಡ ಸಂಬಳದ ಹುದ್ದೆ ಖಚಿತವೆಂದು ಹೇಳಿ, ಸಾಲ ಮಾಡಿಸಿ ಶುಲ್ಕ ಕಟ್ಟಿಸಿಕೊಳ್ಳುವ ಜಾಹೀರಾತುಗಳು ಮೊಬೈಲಿನಲ್ಲಿ ಹೇರಳ. ಹಣ ಕಟ್ಟುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿದರೆ ಸಾಕು. ಪಾಠ ಹೇಳುವವರು ಯಾವ ಉತ್ಪನ್ನದಲ್ಲಿ ಕೆಲಸ ಮಾಡಿದವರು? ಕಲಿಯುವವರು ನಿಜವಾದ ಬಳಕೆದಾರರನ್ನು ಭೇಟಿಯಾಗಿ ವರದಿ ಬರೆಯಬೇಕೇ, ಅಥವಾ ವೀಡಿಯೋ ನೋಡಿದರೆ ಮುಗಿಯಿತೇ? ಪ್ರಮಾಣಪತ್ರಕ್ಕೆ ಮಾನ್ಯತೆ ಕೊಟ್ಟವರು ಯಾರು? ನಡುವೆ ಬಿಟ್ಟರೆ ಶುಲ್ಕ ಮರಳುತ್ತದೆಯೇ? ಕೆಲಸದ ಭರವಸೆಯನ್ನು ಬರೆದುಕೊಡುತ್ತಾರೆಯೇ? ಸಂದರ್ಶನಕ್ಕೆ ಹೋದಾಗ ಪ್ರಮಾಣಪತ್ರಕ್ಕಿಂತ, ಅಭ್ಯರ್ಥಿ ತಾನೇ ಕಂಡುಕೊಂಡ ಒಂದು ಸಮಸ್ಯೆ, ಅದಕ್ಕೆ ಮಾಡಿ ನೋಡಿದ ಒಂದು ಪರಿಹಾರ ಹೆಚ್ಚು ಬೆಲೆ ಬಾಳುತ್ತದೆ.

ಕನ್ನಡದ ಮಕ್ಕಳ ಕೈಯಲ್ಲಿರುವುದು

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ಬಾಗಿಲು ತೆರೆದೀತೇ ಎಂಬ ಹೆತ್ತವರ ಆತಂಕ ಸುಳ್ಳಲ್ಲ. ತಂತ್ರಾಂಶದ ಪರಿಭಾಷೆ, ಕಂಪೆನಿಗಳ ದಾಖಲೆ, ಸಭೆಗಳು ಬಹುತೇಕ ಇಂಗ್ಲಿಷಿನಲ್ಲೇ ನಡೆಯುತ್ತವೆ. ಆ ಭಾಷೆಯನ್ನು ಕಷ್ಟಪಟ್ಟು ಕಲಿಯಲೇಬೇಕು. ಪ್ರತಿದಿನ ಒಂದು ಪುಟ ಓದಿ, ಒಂದು ಪುಟ ಬರೆಯುವ ಅಭ್ಯಾಸ ಎಂಟನೆಯ ತರಗತಿಯಿಂದಲೇ ಇದ್ದರೆ ಅದು ಎಟುಕದ ವಿದ್ಯೆಯೇನೂ ಆಗದು.

ಆದರೆ ಕಸುಬಿನ ಮೊದಲರ್ಧ, ಎಂದರೆ ಜನರ ಮಾತನ್ನು ಆಲಿಸಿ ಅರ್ಥ ಮಾಡಿಕೊಳ್ಳುವುದು, ಜನರ ಭಾಷೆಯಲ್ಲೇ ನಡೆಯಬೇಕು. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಮರಾಠಿಯೋ ಹವ್ಯಕವೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಪೇಟೆಯಲ್ಲಿ ಮಲಯಾಳ ಮಾತನಾಡುವ ಕಾಸರಗೋಡಿನ ಮಗು, ಒಂದೇ ಭಾಷೆ ಬಲ್ಲ ನಗರದ ಮಗುವಿಗಿಂತ ಹೆಚ್ಚು ಮನೆಗಳ ಜಗಲಿಯಲ್ಲಿ ಕುಳಿತು ಮಾತನಾಡಬಲ್ಲುದು. ಸೊಲ್ಲಾಪುರದ ಮಗ್ಗದ ಮನೆಯ, ಹೊಸೂರಿನ ಕಾರ್ಮಿಕರ ಬೀದಿಯ ಕನ್ನಡ ಮಗುವಿನ ಮಾತೂ ಇದೇ. ಅಂಗಡಿಗಳಲ್ಲಿ ಯುಪಿಐ ಹಣ ಬಂದೊಡನೆ ಕೂಗಿ ಹೇಳುವ ಪುಟ್ಟ ಪೆಟ್ಟಿಗೆಯನ್ನು ಗಮನಿಸಿ. ಕೈ ತುಂಬ ಕೆಲಸವಿರುವ ವ್ಯಾಪಾರಿ ಪ್ರತಿ ಸಲ ಮೊಬೈಲ್ ನೋಡಲಾರ ಎಂಬ ಸಣ್ಣ ಸಂಗತಿಯನ್ನು ಯಾರೋ ಗಮನಿಸಿದ್ದರಿಂದ ಅದು ಹುಟ್ಟಿತು. ವ್ಯಾಪಾರಿಯ ಭಾಷೆಯಲ್ಲೇ ಮಾತನಾಡಿದ್ದರಿಂದ ಮೂಲೆಮೂಲೆಗೂ ತಲುಪಿತು. ಇಂದು ಅದು ಕನ್ನಡದಲ್ಲೂ ಮೊತ್ತವನ್ನು ಹೇಳುತ್ತದೆ.

ಒಂದು ತಿಂಗಳ ಅಭ್ಯಾಸ

ಈ ರಜೆಯಲ್ಲಿ ಮಕ್ಕಳು ಖರ್ಚಿಲ್ಲದೆ ಮಾಡಬಹುದಾದ ಅಭ್ಯಾಸವೊಂದಿದೆ. ಬೇಕಾದುದು ಒಂದು ನೋಟ್ ಪುಸ್ತಕ, ಒಂದು ಪೆನ್ಸಿಲ್.

ಮೊದಲ ವಾರ ನೋಡುವುದು ಮಾತ್ರ. ಅಕ್ಷಯ ಕೇಂದ್ರ, ಪಡಿತರ ಅಂಗಡಿ, ಬಸ್ ತಂಗುದಾಣ, ಹಾಲಿನ ಸೊಸೈಟಿ ಇವುಗಳಲ್ಲಿ ಒಂದನ್ನು ಆರಿಸಿ, ಅಲ್ಲಿನವರ ಅನುಮತಿ ಪಡೆದು, ಜನರು ಎಲ್ಲಿ ತಡವರಿಸುತ್ತಾರೆ, ಏನನ್ನು ಎರಡೆರಡು ಸಲ ಕೇಳುತ್ತಾರೆ, ಯಾವುದಕ್ಕಾಗಿ ಮತ್ತೆ ಮನೆಗೆ ಹೋಗಿಬರುತ್ತಾರೆ ಎಂದು ಬರೆದುಕೊಳ್ಳುವುದು. ಎರಡನೆಯ ವಾರ ಐವರೊಂದಿಗೆ ಮಾತನಾಡುವುದು. ಕಳೆದ ಸಲ ನಡೆದುದನ್ನಷ್ಟೇ ಕೇಳುವುದು. ಅವರ ಮಾತನ್ನು ಅವರ ಶಬ್ದಗಳಲ್ಲೇ ದಾಖಲಿಸುವುದು. ಮೂರನೆಯ ವಾರ ಒಂದೇ ಒಂದು ತೊಂದರೆಯನ್ನು ಆರಿಸಿ, ಕಾಗದದಲ್ಲಿ ಪರಿಹಾರದ ಮಾದರಿ ಮಾಡುವುದು. ಅರ್ಜಿಗೆ ಬೇಕಾದ ದಾಖಲೆಗಳ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಬರೆದು ಬಾಗಿಲಲ್ಲಿ ತೂಗುಹಾಕುವುದೂ ಉತ್ಪನ್ನವೇ. ನಾಲ್ಕನೆಯ ವಾರ ಅದನ್ನು ಬಳಸಿ ನೋಡಿ, ದಾಖಲೆ ಮರೆತು ಹಿಂದಿರುಗುವವರ ಸಂಖ್ಯೆ ಕಡಿಮೆಯಾಯಿತೇ ಎಂದು ಎಣಿಸುವುದು. ಕಡಿಮೆಯಾಗದಿದ್ದರೆ ಅದನ್ನೂ ಹಾಗೆಯೇ ಬರೆಯುವುದು. ತನ್ನ ಊಹೆ ತಪ್ಪೆಂದು ಕಂಡಾಗ ಮುಚ್ಚಿಡದೆ ಒಪ್ಪುವ ಗುಣ ಈ ಕಸುಬಿನ ಬೆನ್ನೆಲುಬು.

ಮಗು ಮುಂದೆ ಉತ್ಪನ್ನ ನಿರ್ವಾಹಕನಾಗಲಿ, ಶಿಕ್ಷಕಿಯಾಗಲಿ, ಕೃಷಿಕನಾಗಲಿ, ಆ ನೋಟ್ ಪುಸ್ತಕ ವ್ಯರ್ಥವಾಗದು. ಬೆಳೆದ ಕೊಕ್ಕೋವನ್ನು ಕೊಳ್ಳುವವರಿಲ್ಲದೆ ಗಿಡ ಕಡಿಯಲು ಕತ್ತಿ ಎತ್ತಿದ ದಿನಗಳನ್ನು ಈ ನಾಡು ಕಂಡಿದೆ. ಇದನ್ನು ಇನ್ನೇನಾಗಿ ಮಾಡಬಹುದು, ಯಾರಿಗಾಗಿ ಮಾಡಬಹುದು ಎಂದು ಕೆಲವರು ಕುಳಿತು ಯೋಚಿಸಿದ್ದರಿಂದ ಆ ಕತ್ತಿಗಳು ಎಷ್ಟೋ ತೋಟಗಳಲ್ಲಿ ಕೆಳಗಿಳಿದವು. ಅಂತಹ ಪ್ರಶ್ನೆ ಕೇಳುವ ಮಕ್ಕಳು ಮುಂದಿನ ತಲೆಮಾರಿಗೂ ಬೇಕು. ಅದನ್ನು ಅವರು ತಮ್ಮ ಮನೆಯ ಮಾತಿನಲ್ಲೇ ಕೇಳಲಾರಂಭಿಸಲಿ.